ಆಡು ತಿಂದ ಬದಾಮಿ

ಇಂಡಿ
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಮೊಮ್ಮಗಳು ನಿಷತಳಿಗೆ ನಿನ್ನ ಮುತ್ಯಾ ಗೈಬುಸಾಬನ ಸಲಾಮು ಮತ್ತು ಮನಸಾರೆ ದುವಾ.

ಹೇಗಿದ್ದೀಯವ್ವಾ? ಕೆಮ್ಮು ನಿಂತಿತೆ? ಧಾರವಾಡದಲ್ಲಿ ಇನ್ನೂ ಥಂಡಿ ಇರಬೇಕು, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಮುಂಜಾನೆ ಎದ್ದು ಕಾಲೇಜಿಗೆ ಓಡಬೇಡ. ಹಲ್ಲಿನ ಡಾಕ್ಟರಾಗುವವಳಾದರೂ ಗಂಟಲು ಎಲ್ಲರ ಗಂಟಲಿನಂಥದ್ದೇ. ಹಾಸ್ಟೆಲಿನ ಊಟ ಹೇಗಿದೆ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ‘ಭಾಳ ಛಲೋ ಐತಿ ಮುತ್ಯಾ, ಹೊಟ್ಟಿ ತುಂಬ ಉಣ್ತೇನಿ’ ಅನ್ನುತ್ತೀ. ಊಟದ ವಿಷಯದಲ್ಲಿ ನಮ್ಮ ಮನೆಯ ಹೆಂಗಸರು ಹೇಳುವ ಒಂದೇ ಒಂದು ಮಾತನ್ನೂ ಇನ್ನು ಮೇಲೆ ನಂಬಬಾರದೆಂದು ಈ ತಿಂಗಳು ನಿರ್ಧಾರ ಮಾಡಿದ್ದೇನೆ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಫೋನು ಬಿಟ್ಟು ಪತ್ರ ಯಾಕೆ ಎಂದು ಲಕೋಟೆ ನೋಡಿಯೇ ಗಾಬರಿಯಾಗಿರುತ್ತೀ. ಗಾಬರಿ ಬೇಡ, ಎಲ್ಲರೂ ಜೀವಂತ ಇದ್ದೇವೆ. ಆದರೆ ನಮ್ಮ ಮನೆಯಲ್ಲಿ ಫೋನೆಂದರೆ ಸಂತೆ. ನಿನ್ನ ಅಬ್ಬಾ ಮಹಮ್ಮದಹನೀಫ ಲಿಂಬೆಹಣ್ಣಿನ ಹರಾಜಿನ ಸವಾಲಿನಲ್ಲಿ ಕೂಗಿ ಕೂಗಿ ಕಿವಿ ಮಂದ ಮಾಡಿಕೊಂಡಿದ್ದಾನೋ ಏನೋ, ಬಂದ ಕರೆಯನ್ನೆಲ್ಲ ಸ್ಪೀಕರಿಗೆ ಹಾಕುತ್ತಾನೆ. ನೀನು ಹಲೋ ಎನ್ನುವಷ್ಟರಲ್ಲಿ ನಿನ್ನ ಅಮ್ಮಿ ನಾಜಿಮಾ ಒಲೆ ಬಿಟ್ಟು ಬರುತ್ತಾಳೆ, ಪಕ್ಕದ ಮನೆಯ ಸಾವಂತ್ರವ್ವ ಗೋಡೆಯ ಆಚೆಯಿಂದಲೇ ನಿನ್ನ ಮದುವೆ ಯಾವಾಗ ಎಂದು ಕೇಳುತ್ತಾಳೆ, ನನ್ನ ಹೆಂಡತಿ, ನಿನ್ನ ಆಯಿ ಸೈದಾಬಿಯಂತೂ ಫೋನನ್ನು ಉಡಿಯಲ್ಲೇ ಇಟ್ಟುಕೊಂಡು ಕೂರುತ್ತಾಳೆ. ಅವಳ ಎದುರಿಗೆ ಅವಳದೇ ಮಾತು ಹೇಗೆ ಆಡಲಿ? ಮೂವತ್ತಾರು ವರ್ಷ ಇಂಡಿ ಸುತ್ತಿನ ಹಳ್ಳಿಗಳಿಗೆ ಊರವರ ಟಪಾಲು ಹಂಚಿದವನು ನಾನು. ನನ್ನದೊಂದು ಪತ್ರ ಮುಟ್ಟಿಸುವ ಕಷ್ಟವನ್ನು ಧಾರವಾಡದ ಪೋಸ್ಟಮನ್ ಒಮ್ಮೆ ತೆಗೆದುಕೊಳ್ಳಲಿ. ಓದಿದ ಕೂಡಲೇ ಫೋನು ಹಚ್ಚಿ ‘ಮುತ್ಯಾ ಹೀಂಗ ಬರದಾನ’ ಎಂದು ಒದರಬೇಡ, ಅಷ್ಟು ಮಾಡಿದರೆ ಸಾಕು.

ಆಯಿಯ ಮರೆವಿನ ಸುದ್ದಿ ನಿನಗೆ ಅಲ್ಪಸ್ವಲ್ಪ ಗೊತ್ತಿದೆ. ಗೊತ್ತಿಲ್ಲದ್ದು ಬಹಳ ಇದೆ. ನಿನ್ನ ಓದು ಕೆಡಬಾರದೆಂದು ಎಲ್ಲರೂ ಸೇರಿ ಮುಚ್ಚಿಟ್ಟರು. ಆ ಎಲ್ಲರಲ್ಲಿ ನಾನೂ ಇದ್ದೇನೆ, ಸುಳ್ಳು ಯಾಕೆ ಹೇಳಲಿ. ಕಳೆದ ಬೇಸಿಗೆಯಲ್ಲಿ ಶುರುವಾದದ್ದು. ಮೊದಲು ಪಲ್ಯಕ್ಕೆ ಎರಡು ಸಲ ಉಪ್ಪು. ಮನುಷ್ಯರಿಗೆ ಆಗುವಂಥದ್ದೇ ಎಂದೆವು. ಆಮೇಲೆ ನಾಜಿಮಾಳನ್ನು ನಾಲತವಾಡದಲ್ಲಿರುವ ಮಗಳ, ಅಂದರೆ ನಿನ್ನ ಫೂಫುವಿನ ಹೆಸರಿನಿಂದ ಕರೆಯತೊಡಗಿದಳು. ಕಾಲಲ್ಲಿ ಇರುವೆ ಹರಿದಂತಾಗುತ್ತದೆ ಎಂದಳು, ಚಪ್ಪಲಿ ಕಾಲಿನಲ್ಲಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದಳು. ಶ್ರಾವಣದ ಮಳೆಯ ಹೊತ್ತಿಗೆ ಒಂದು ದಿನ ‘ಯಾಕೂಬಸಾಬ ಯಾಕ ಈ ಕಡೆ ಬಂದಿಲ್ಲ, ಸಿಟ್ಟ ಆಗ್ಯಾನೇನ್ರಿ?’ ಎಂದು ಕೇಳಿದಳು. ಯಾಕೂಬಸಾಬ ಅವಳ ಬೆನ್ನಿಗೆ ಬಿದ್ದ ತಮ್ಮ. ಅವನನ್ನು ಮಣ್ಣು ಮಾಡಿ ಒಂಬತ್ತು ವರ್ಷವಾಯಿತು. ಹೇಳಿದರೆ ಆಗಷ್ಟೇ ಸತ್ತನೆಂಬಂತೆ ಅಳುತ್ತಾಳೆ, ಹೇಳದಿದ್ದರೆ ಬಾಗಿಲು ಕಾಯುತ್ತಾಳೆ. ನಾನು ಎರಡನ್ನೂ ಮಾಡಿ ನೋಡಿದೆ, ಎರಡೂ ನನ್ನ ಕೈಲಾಗುವ ಕೆಲಸವಲ್ಲ.

ಅಕ್ಟೋಬರಿನಲ್ಲಿ ನಿನ್ನ ಫೂಫುವಿನ ಮನೆಗೆಂದು ನಾಲತವಾಡಕ್ಕೆ ಹೋಗಿದ್ದಳಲ್ಲ, ಬರುವಾಗ ಫೂಫು ಮುದ್ದೇಬಿಹಾಳದಲ್ಲಿ ವಿಜಯಪುರದ ಬಸ್ಸು ಹತ್ತಿಸಿ, ಅಲ್ಲಿ ಹನೀಫ ಇಳಿಸಿಕೊಳ್ಳುತ್ತಾನೆ ಎಂದು ಹತ್ತು ಸಲ ಹೇಳಿ ಕಳಿಸಿದ್ದಳು. ಇವಳು ಬಸವನ ಬಾಗೇವಾಡಿಯಲ್ಲೇ ಇಳಿದುಬಿಟ್ಟಿದ್ದಾಳೆ. ನಾವು ವಿಜಯಪುರದ ನಿಲ್ದಾಣದಲ್ಲಿ ಬಸ್ಸಿಂದ ಬಸ್ಸಿಗೆ ಓಡಾಡುತ್ತಿದ್ದರೆ, ಅವಳು ಅಲ್ಲಿ ಕಲ್ಲುಬೆಂಚಿನ ಮೇಲೆ ಉಪ್ಪಿನಕಾಯಿ ಭರಣಿ ತೊಡೆಯ ಮೇಲಿಟ್ಟುಕೊಂಡು ಮೂರು ತಾಸು ಕೂತಿದ್ದಳು. ಅಲ್ಲಾಹನ ದಯೆ, ನಮ್ಮ ಲಿಂಬೆಹಣ್ಣು ಸಾಗಿಸುವ ಟೆಂಪೋದ ಬಾಬುಲಾಲ ನೋಡಿದ. ಯಾಕ್ರಿ ಅಮ್ಮಾ ಇಲ್ಲಿ ಅಂತ ಕೇಳಿದರೆ ‘ನಮ್ಮವ್ರು ಟಪಾಲ ಹಂಚಿ ಬರೂ ಹೊತ್ತಾತು, ಮನಿ ಮುಂದ ಕುಂತೇನಿ’ ಅಂದಳಂತೆ. ನಾನು ನಿವೃತ್ತನಾಗಿ ಹದಿನಾಲ್ಕು ವರ್ಷ. ಬಾಬುಲಾಲ ಇದನ್ನು ನಗುತ್ತ ಹೇಳಲು ಶುರು ಮಾಡಿದ, ಮುಗಿಸುವಷ್ಟರಲ್ಲಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಟೆಂಪೋದಲ್ಲಿ ಅವಳನ್ನು ಮನೆಗೆ ತಂದು ಬಿಟ್ಟಾಗ ಇಳಿದವಳೇ ನನ್ನನ್ನು ನೋಡಿ ‘ಯಾಕ, ಇವತ್ತ ಲಗೂನ ಬಂದ್ರಿ?’ ಎಂದಳು. ನಾನು ಹೂಂ ಎಂದೆ. ಮತ್ತೇನು ಹೇಳಲಿ?

ಆ ದಿನದಿಂದ ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ಹನೀಫ ಕಿಲೋಗಟ್ಟಲೆ ಬದಾಮಿ, ಅಕ್ರೋಟ ತಂದು ‘ಅಮ್ಮಾ, ದಿನಾ ಹತ್ತ ತಿನ್ನು, ಮೆದುಳ ಚುರುಕಾಕೈತಿ’ ಎಂದು ಉಡಿಗೆ ಸುರಿದ. ಅಕ್ರೋಟ ನೋಡಲು ಮಿದುಳಿನ ಹಾಗೇ ಇರುತ್ತದಂತೆ, ಅದಕ್ಕೇ ಮಿದುಳಿಗೆ ಒಳ್ಳೆಯದಂತೆ. ಹಾಗಾದರೆ ಹೀರೇಕಾಯಿ ತಿಂದರೆ ಏನು ಚುರುಕಾಗುತ್ತದೆ ಎಂದು ಕೇಳಿದೆ. ಸಾವಂತ್ರವ್ವ ನೆತ್ತಿಗೆ ಬ್ರಾಹ್ಮಿ ಎಣ್ಣೆ ತಿಕ್ಕಿದಳು, ಸಿಂದಗಿ ಸಂತೆಯಿಂದ ಯಾವುದೋ ಪುಡಿ ತರಿಸಿದಳು. ಆ ಪುಡಿ ತಿಂದು ಆಯಿಗೆ ನೆನಪು ಬರಲಿಲ್ಲ, ಭೇದಿ ಬಂತು. ನಾಜಿಮಾ ಪಾಪ ದಿನಾ ಅಗಸಿ ಹಿಂಡಿ, ಮೆಂತ್ಯದ ಪಚಡಿ, ಹೆಸರುಕಾಳಿನ ಪಲ್ಯ ಎಂದು ತಾಟು ತುಂಬಿದಳು. ನೀನೇನು ಕಡಿಮೆ? ವಾಟ್ಸಾಪಿನಲ್ಲಿ ಗಜ ಉದ್ದದ ಪಟ್ಟಿ ಕಳಿಸಿದೆ: ಸೊಪ್ಪು, ಮೀನು, ಬೀಜ, ಬ್ಲೂಬೆರಿ. ನನ್ನವ್ವಾ, ಇಂಡಿಯಲ್ಲಿ ಲಿಂಬೆ ಕೇಳು, ದ್ರಾಕ್ಷಿ ಕೇಳು, ಕಬ್ಬು ಕೇಳು. ಬ್ಲೂಬೆರಿ ಕೇಳಿದ್ದಕ್ಕೆ ಅಂಗಡಿಯ ಧರೆಪ್ಪ ‘ಬಿಸಲಾಗ ಭಾಳ ಅಡ್ಡಾಡಬ್ಯಾಡ್ರಿ ಕಾಕಾ’ ಎಂದು ಕುಡಿಯಲು ನೀರು ಕೊಟ್ಟ. ಇಷ್ಟೆಲ್ಲ ತಂದು ಗುಡ್ಡೆ ಹಾಕಿದ ನಾವೆಲ್ಲರೂ ಸಂಜೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆವು, ತಿಂದಿಯೇನ? ಅವಳು ಒಂದೇ ಉತ್ತರ ಕೊಡುತ್ತಿದ್ದಳು, ತಿಂದ್ನಿ. ಮುಗಿಯಿತು. ನಮಗೆ ಅಷ್ಟೇ ಬೇಕಾಗಿತ್ತು.

ಇಲ್ಲಿಯ ಒಬ್ಬ ಡಾಕ್ಟರಿಗೆ ತೋರಿಸಿದ್ದಾಯಿತು. ಅವನು ನಾಡಿ ಹಿಡಿದು ‘ವಯಸ್ಸಾತಲ್ರಿ ಕಾಕಾ, ಹಳೀ ಗಾಡಿ’ ಎಂದ. ಊಟದ ಮಾತು ಬಂದಾಗ ಚೀಟಿಯ ಮೇಲಿನ ಹೆಸರು ಓದಿ ‘ನಿಮ್ಮ ಮನ್ಯಾಗ ಅದರ ಚಿಂತಿ ಇಲ್ಲ ಬಿಡ್ರಿ, ವಾರಕ್ಕ ಎರಡ ಸಲ ಮಟನ್ ಬೀಳತೈತಿ’ ಎಂದು ನಕ್ಕ. ನಾವೂ ನಕ್ಕೆವು. ಮನೆಯಲ್ಲಿ ಮಟನ್ ಬೇಯುತ್ತದೆ, ನಿಜ. ಬೆಂದದ್ದು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಅವನೂ ಕೇಳಲಿಲ್ಲ, ನಾವೂ ನೋಡಲಿಲ್ಲ. ಹಿಂದೊಮ್ಮೆ ಸಿಂದಗಿಯಲ್ಲಿ ಒಂದು ಮದುವೆಗೆ ಹೋದಾಗ ಅವಳು ತನ್ನ ತಾಟಿನ ತುಂಡುಗಳನ್ನೆಲ್ಲ ಪಕ್ಕದವಳ ತಾಟಿಗೆ ದಾಟಿಸಿದ್ದನ್ನು ನಾಜಿಮಾ ನೋಡಿದ್ದಳಂತೆ. ‘ನಮ್ಮ ಅತ್ತಿಯವರ ಕೈ ಭಾಳ ದೊಡ್ಡದು’ ಎಂದು ಎಲ್ಲರ ಮುಂದೆ ಹೊಗಳಿದ್ದಳು. ಊರಿಗೆಲ್ಲ ಹಂಚಿ ತಾನು ಉಪವಾಸ ಇರುವವರನ್ನು ಹೊಗಳಿಯೇ ಕೊಲ್ಲುತ್ತೇವೆ ನಾವು.

ಕೊನೆಗೆ ಜನವರಿಯಲ್ಲಿ ವಿಜಯಪುರಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ವಯಸ್ಸಿನಲ್ಲಿ ನಿನಗಿಂತ ಹತ್ತು ವರ್ಷ ದೊಡ್ಡವಳಿದ್ದಾಳು, ಸಿಟ್ಟಿನಲ್ಲಿ ನನ್ನ ತಾಯಿಗೆ ಸಮ. ಅಜ್ಜಿ ಏನು ಉಣ್ಣುತ್ತಾರೆ ಎಂದು ಕೇಳಿದಳು. ಹನೀಫ ‘ಎಲ್ಲಾ ಉಣ್ತಾಳ್ರಿ’ ಎಂದ. ನಾಜಿಮಾ ರೊಟ್ಟಿ, ಕಾಳು, ಮಟನ್, ಬದಾಮಿ ಎಂದು ಒದರಿದಳು. ನಾನು ಹಾಲನ್ನು ಸೇರಿಸಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ‘ನಾ ಅಜ್ಜೀನ್ನ ಕೇಳಾಕತ್ತೇನ್ರಿ, ನೀವ್ಯಾಕ ಪರೀಕ್ಷಾ ಬರ್ಯಾಕತ್ತೀರಿ?’ ಎಂದಳು. ಆಯಿ ಸೆರಗು ಬಾಯಿಗೆ ಹಿಡಿದು, ಉಣ್ಣುತ್ತೇನೆ ಎಂದಳು. ಆಗ ಡಾಕ್ಟರಮ್ಮ ನನ್ನ ಕಡೆ ತಿರುಗಿ ‘ಕಾಕಾ, ಅವ್ರು ಉಣ್ಣೂದು ನೀವು ಕಣ್ಣಾರೆ ಯಾವಾಗ ನೋಡೀರಿ?’ ಎಂದು ಕೇಳಿದಳು. ನಿಷತ, ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮದುವೆಯಾಗಿ ಐವತ್ತೆರಡು ವರ್ಷ. ನಮ್ಮಲ್ಲಿ ಗಂಡಸರು ಮೊದಲು, ಮಕ್ಕಳು ಆಮೇಲೆ, ಸೊಸೆಗೂ ‘ನೀ ಉಣ್ಣು, ನಾ ಹಿಂದಿಂದ ಉಣ್ತೇನಿ’ ಎಂದು ಹೇಳಿ ಎಲ್ಲರ ಕೊನೆಗೆ ನಿನ್ನ ಆಯಿ. ನಾನು ಕೈ ತೊಳೆದು ಕಟ್ಟೆಗೆ ಹೋಗಿ ಕೂತ ಮೇಲೆ ಅವಳ ಊಟ. ನನ್ನ ತಾಯಿಯದೂ ಹಾಗೇ ಇತ್ತು. ಐವತ್ತೆರಡು ವರ್ಷ ಅವಳು ಮಾಡಿದ್ದನ್ನು ಉಂಡಿದ್ದೇನೆ, ಅವಳು ಉಂಡದ್ದನ್ನು ಒಂದು ದಿನವೂ ನೋಡಿಲ್ಲ. ಮೂವತ್ತಾರು ವರ್ಷ ಮಂದಿಯ ಮನೆಯ ಸುದ್ದಿ ಬಾಗಿಲಿಗೆ ಮುಟ್ಟಿಸಿದವನಿಗೆ ತನ್ನ ಅಡುಗೆಮನೆಯ ಸುದ್ದಿ ಗೊತ್ತಿರಲಿಲ್ಲ. ನನಗೆ ಅಲ್ಲೇ ನಾಚಿಕೆಯಾಯಿತು, ಇವತ್ತಿಗೂ ಹೋಗಿಲ್ಲ.

ರಕ್ತ ಪರೀಕ್ಷೆಯಲ್ಲಿ ಬಿ-ಹನ್ನೆರಡು ಎಂಬ ಸತ್ವ ಇನ್ನೂರರ ಮೇಲಾದರೂ ಇರಬೇಕಾದದ್ದು ಎಂಬತ್ತೆಂಟು ಬಂತು. ತೂಕ ಐವತ್ಮೂರು ಇದ್ದದ್ದು ನಲವತ್ತೊಂದು. ಸೀರೆಯ ನೆರಿಗೆಯಲ್ಲಿ ಹನ್ನೆರಡು ಕಿಲೋ ಹೆಂಗಸು ಕರಗಿಹೋದದ್ದು ಯಾರಿಗೂ ಕಾಣಲಿಲ್ಲ. ಡಾಕ್ಟರಮ್ಮ ಸಮಾಧಾನದಿಂದ ಬಿಡಿಸಿ ಹೇಳಿದಳು, ‘ನರದ ಮ್ಯಾಲ ಒಂದು ಹೊದಿಕಿ ಇರತೈತ್ರಿ, ವೈರಿನ ಮ್ಯಾಲ ರಬ್ಬರ ಇದ್ದಂಗ. ಈ ಸತ್ವ ಸಿಗಲಿಲ್ಲಂದ್ರ ಅದು ಸವೀತೈತಿ. ಕಾಲಾಗ ಇರುವಿ ಹರಿಯೂದು, ತಲಿ ಮರಿಯೂದು, ಎರಡೂ ಅದಽರಿ.’ ಹನ್ನೆರಡು ವರ್ಷದಿಂದ ನುಂಗುತ್ತಿರುವ ಸಕ್ಕರೆ ಕಾಯಿಲೆಯ ಗುಳಿಗೆಯೂ ಈ ಸತ್ವವನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತದಂತೆ. ಹಾಗೆಂದು ಬಿಟ್ಟುಬಿಡಬಾರದಂತೆ, ಊಟದಲ್ಲಿ ತುಂಬಿಕೊಡಬೇಕಂತೆ. ಆಮೇಲೆ ಅವಳು ಹೇಳಿದ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ‘ಇದರಾಗ ಎಷ್ಟ ಮರವು ವಯಸ್ಸಿಂದು, ಎಷ್ಟ ಹಸಿವಿಂದು ಅನ್ನೂದು ನನಗೂ ಈಗ ಗೊತ್ತಿಲ್ರಿ. ಹಸಿವಿಂದು ಹೊಳ್ಳಿ ಬರತೈತಿ, ತಡಾ ಮಾಡಬ್ಯಾಡ್ರಿ. ತಡಾ ಆದ್ರ ಅದೂ ಬರೂದಿಲ್ಲ.’ ಊಟ ಬಲ್ಲವನಿಗೆ ರೋಗವಿಲ್ಲ ಎಂದು ಶಾಲೆಯ ಗೋಡೆಯ ಮೇಲೆ ಬರೆದದ್ದನ್ನು ಓದಿಯೇ ಬೆಳೆದೆವು. ಗೋಡೆ ನೆಟ್ಟಗಿದೆ, ನಾವು ಹೀಗಾದೆವು.

ಮನೆಗೆ ಬಂದ ಮರುದಿನದಿಂದ ನಾನು ಅವಳ ಜೊತೆಗೇ ಉಣ್ಣಲು ಕೂತೆ. ಡಾಕ್ಟರಮ್ಮನ ಹುಕುಂ ಎಂದೆ. ಅವಳು ಸಿಡಿದಳು, ‘ಗಂಡಸರ ಎದರ ಬಾಯಿ ತೆರದು ಉಣ್ಣೂದಾ? ಮುಪ್ಪಿನ ಕಾಲಕ್ಕ ನಾಚಿಗಿ ಬಿಟ್ಟೀರೇನ್?’ ಎಂದಳು. ಆದರೂ ಕೂತೆ. ಮೊದಲ ದಿನ ಒಂದು ರೊಟ್ಟಿಯನ್ನು ಇಪ್ಪತ್ತು ಚೂರು ಮಾಡಿ, ಪಲ್ಯದಲ್ಲಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಆಡಿಸಿದಳು. ಬಾಯಿಗೆ ಹೋದದ್ದು ಎಷ್ಟೆಂದು ಕೇಳಿದರೆ ನನಗೇ ಲೆಕ್ಕ ತಪ್ಪಿತು. ಆದರೆ ಚಹಾ ನೋಡು, ಮುಂಜಾನೆಯಿಂದ ಸಂಜೆವರೆಗೆ ಎಂಟು ಕಪ್ಪು, ಪ್ರತಿ ಕಪ್ಪಿನಲ್ಲಿ ಒಂದು ಟೋಸ್ಟು ನೆನೆಸಿ ನುಂಗುವುದು. ಮನೆಗೆ ಬಂದವರಿಗೆಲ್ಲ ಚಹಾ, ಅವರ ಜೊತೆ ತನಗೂ ಒಂದು. ಎರಡು ವರ್ಷದಿಂದ ನಿನ್ನ ಆಯಿ ಚಹಾ ಟೋಸ್ಟಿನ ಮೇಲೆ ಬದುಕಿದ್ದಾಳೆ, ನಾವು ಮಾತ್ರ ಅವಳು ರೊಟ್ಟಿ ಉಣ್ಣುತ್ತಿದ್ದಾಳೆ ಎಂದುಕೊಂಡು ತಂಪಾಗಿ ನಿದ್ದೆ ಮಾಡಿದ್ದೇವೆ. ಮೂರನೆಯ ದಿನ ಹಿತ್ತಲಿಗೆ ಹೋದೆ. ಬಕ್ರೀದಿಗೆಂದು ಸಾಕಿದ ಆಡು ನನ್ನ ಮುಖ ನೋಡುತ್ತ ಏನೋ ಕಟಕಟ ಅಗಿಯುತ್ತಿತ್ತು. ಬಗ್ಗಿ ನೋಡಿದರೆ ಬದಾಮಿ! ಅದರ ಮೇವಿನ ಬಾನಿಯ ತಳದಲ್ಲಿ ಹನೀಫನ ಅಕ್ರೋಟ, ನಾಜಿಮಾಳ ರೊಟ್ಟಿ ಬಿದ್ದಿದ್ದವು, ಮಟನ್ನಿನ ತುಂಡನ್ನು ಮಾತ್ರ ಬೆಕ್ಕು ಒಯ್ದಿತ್ತು. ಆಡಿನ ಮೈ ಹೇಗೆ ಮಿಂಚುತ್ತಿದೆ ಅಂತೀ, ಓಣಿಯಲ್ಲಿ ಅದಕ್ಕಿಂತ ಬುದ್ಧಿವಂತ ಪ್ರಾಣಿ ಈಗ ಇರಲಿಕ್ಕಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗದೆ ಆಡಿಗೆ ಬೈದು ಬಂದೆ.

ಈಗಿನ ಸ್ಥಿತಿ ಹೀಗಿದೆ. ಆ ಸತ್ವದ ಸೂಜಿ ನಡೆದಿವೆ, ಮೊದಲು ದಿನಬಿಟ್ಟು ದಿನ, ಈಗ ವಾರಕ್ಕೊಂದು. ಆಚೆ ಮೊನ್ನೆ ಮುಂಜಾನೆ ಎದ್ದವಳೇ ‘ಇವತ್ತ ಗುರುವಾರ ಅಲ್ಲೇನ್ರಿ?’ ಎಂದಳು. ನಿಜವಾಗಿಯೂ ಗುರುವಾರವಾಗಿತ್ತು! ನನಗಾದ ಖುಷಿಗೆ ಜಿಲೇಬಿ ತಂದೆ. ಸಕ್ಕರೆ ಕಾಯಿಲೆಯವಳಿಗೆ ಜಿಲೇಬಿ ತಂದ ಮುದುಕನಿಗೆ ಎಷ್ಟು ಮರೆವು ಎಂದು ನಾಜಿಮಾ ಬೈದಳು, ಬೈಯಲಿ. ಆದರೆ ಡಾಕ್ಟರಮ್ಮ ಹೇಳುವುದು ಒಂದೇ, ಸೂಜಿ ಬರೀ ತೇಪೆ, ಊಟ ಒಳಗೆ ಹೋಗಬೇಕು, ತೂಕ ಏರಬೇಕು. ನಾಜಿಮಾ ಗಂಜಿ ಮಾಡಿ ಕೊಟ್ಟರೆ ‘ನಾ ಏನ್ ಬಾಣಂತೀನಾ?’ ಎಂದು ದೂಡುತ್ತಾಳೆ. ಈಗ ಹದಿನೈದು ದಿನದಿಂದ ನಾನೇ ಮೊಟ್ಟೆ, ಬೇಳೆ, ಮೆತ್ತಗಿನ ಅನ್ನ ಕಿವುಚಿ, ಕೋಣೆಯ ಕದ ಮುಂದೆ ಮಾಡಿಕೊಂಡು ಅವಳಿಗೆ ಉಣ್ಣಿಸುತ್ತೇನೆ. ಸಾವಂತ್ರವ್ವ ಗೋಡೆಯ ಆಚೆಯಿಂದ ‘ಏನ್ರಿ ಗೈಬುಸಾಬಣ್ಣ, ಈ ವಯಸ್ಸಿನ್ಯಾಗ ಹಗಲೊತ್ತಿನ್ಯಾಗ ಕದಾ ಹಾ‌ಕ್ಕೋತೀರಂತ?’ ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಾಳೆ. ನಗಲಿ. ಆದರೆ ಜೋಳದ ರೊಟ್ಟಿಯಲ್ಲಿ ಬೆಳೆದ ಹೆಂಗಸು ಎಷ್ಟು ದಿನ ಕಿವುಚಿದ ಅನ್ನ ಉಂಡಾಳು? ನಾಲ್ಕು ತುತ್ತಿಗೆ ಸಾಕು ಎನ್ನುತ್ತಾಳೆ. ಹೊಲದಿಂದ ಸೀತನಿ ತಂದೆ, ಎಳೆ ಜೋಳದ ತೆನೆ ಸುಟ್ಟು ಬಡಿದದ್ದನ್ನು ಕಂಡರೆ ಮದುವಣಗಿತ್ತಿಯಾಗಿ ಬಂದ ವರ್ಷದಿಂದ ಅವಳು ಸೆರಗು ಒಡ್ಡುತ್ತಿದ್ದಳು. ಈ ಸಲ ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿ ನನಗೇ ತಿರುಗಿ ಕೊಟ್ಟಳು.

ಮೇಲೆ ರಮಜಾನ್ ಬೇರೆ ಬರುತ್ತಿದೆ, ಇನ್ನು ಮೂರು ವಾರ. ಈ ವರ್ಷ ರೋಜಾ ಬೇಡ ಎಂದು ಡಾಕ್ಟರಮ್ಮ ಕೈಮುಗಿದು ಹೇಳಿದ್ದಾಳೆ. ಇವಳು ‘ಬುದ್ಧಿ ಬಂದಾಗಿಂದ ಒಂದೂ ಬಿಟ್ಟಿಲ್ಲ’ ಎಂದು ಹಟ ಹಿಡಿದಿದ್ದಾಳೆ. ಬರೀ ಚಹಾ ಕುಡಿದು ರೋಜಾ ಹಿಡಿದರೆ, ಬಂದ ಗುರುವಾರವೂ ಹೋಗುತ್ತದೆ, ಅವಳೂ ಹೋಗುತ್ತಾಳೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೂ ಕೋಣ ಒಮ್ಮೆ ತಲೆ ಎತ್ತಿ ನೋಡುತ್ತದೆ, ನಿನ್ನ ಆಯಿ ಅದನ್ನೂ ಮಾಡುವುದಿಲ್ಲ. ವಾರದಲ್ಲಿ ಅವಳಿಗೆ ಉತ್ಸಾಹ ಬರುವುದು ಒಂದೇ ಹೊತ್ತು, ಶುಕ್ರವಾರ ಜುಮ್ಮಾ ಆದ ಮೇಲೆ ನಿನ್ನ ಮುಖ ಫೋನಿನಲ್ಲಿ ಕಾಣುವ ಹೊತ್ತು. ಅರ್ಧ ತಾಸು ಮೊದಲೇ ಕೂದಲು ಬಾಚಿ, ಸೀರೆ ಬದಲಿಸಿ, ಕನ್ನಡಿ ನೋಡಿಕೊಂಡು ಸಜ್ಜಾಗುತ್ತಾಳೆ. ನೀನು ‘ನಗು ಆಯಿ’ ಅನ್ನುತ್ತೀ. ನಗುತ್ತಾಳೆ.

ಕಾಗದ ಮುಗಿಯುತ್ತ ಬಂತು. ಮನೆಯವರೆಲ್ಲರ ದುವಾ ನಿನಗೆ. ಅಮ್ಮಿ ಅಗಸಿ ಹಿಂಡಿ, ಕಟಕ ರೊಟ್ಟಿ ಕಟ್ಟಿಟ್ಟಿದ್ದಾಳೆ, ಧಾರವಾಡಕ್ಕೆ ಹೋಗುವವರು ಸಿಕ್ಕರೆ ಕಳಿಸುತ್ತೇವೆ. ಸಾವಂತ್ರವ್ವ ನಿನಗೊಂದು ವರ ನೋಡಿಟ್ಟಿದ್ದಾಳಂತೆ, ಅವನಿಗೆ ಹಲ್ಲು ಉಬ್ಬಿವೆ, ಮನೆಯಲ್ಲೇ ಡಾಕ್ಟರು ಸಿಕ್ಕಹಾಗಾಗುತ್ತದೆ ಎನ್ನುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ಯಾರಾದರೂ ನೋಡುವ ಹಾಗೆ ಕೂತು ಉಣ್ಣು. ನಿನ್ನ ಕೈಗುಣ ದೊಡ್ಡದಾಗಲಿ, ಅಲ್ಲಾಹ ನಿನಗೆ ಲೋಕದ ನೋವನ್ನೆಲ್ಲ ಹಗುರ ಮಾಡುವ ಶಕ್ತಿ ಕೊಡಲಿ.

ನಿನ್ನ ಮುತ್ಯಾ,
ಗೈಬುಸಾಬ
(ನಿವೃತ್ತ ಪೋಸ್ಟಮನ್. ಈಗ ಆಡು ಕಾಯುವವನು)

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಹರಿದೆ. ಬರೆಯಬೇಕಾದದ್ದನ್ನು ಬಿಟ್ಟು ಆಡು, ಜಿಲೇಬಿ ಎಂದು ಮೂರು ಹಾಳೆ ತುಂಬಿಸಿದ್ದೇನೆ. ಆಯಿ ನಮಾಜಿಗೆ ಕೂತಿದ್ದಾಳೆ, ಏಳುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ನಿಷತ, ಎರಡೂವರೆ ವರ್ಷದ ಹಿಂದೆ ನೀನು ಕಲಿಯುವಾಗ ಮಾಡಿಕೊಟ್ಟ ಹಲ್ಲಿನ ಸೆಟ್ಟು ಅವಳಿಗೆ ಚುಚ್ಚುತ್ತದೆ. ಮೊದಲ ದಿನದಿಂದಲೇ ಚುಚ್ಚುತ್ತದೆ. ತಿದ್ದಲು ಬಾ ಎಂದು ನೀನು ಎರಡು ಸಲ ಕರೆದಾಗ ‘ಹೂವಿನಂಗ ಅದಾವವ್ವಾ’ ಎಂದಳಲ್ಲ, ಅದು ಸುಳ್ಳು. ಮಂದಿಯ ಮುಂದೆ ಹಾಕಿಕೊಳ್ಳುತ್ತಾಳೆ, ಅಗಿಯುವುದಿಲ್ಲ. ನಿನ್ನ ಫೋನು ಮುಗಿದ ಕೂಡಲೇ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನಲ್ಲಿ ನೀನು ಬಿಳಿ ಕೋಟು ಹಾಕಿಕೊಂಡ ಫೋಟೋದ ಪಕ್ಕ ಇಡುತ್ತಾಳೆ. ಆಡಿನ ಸಂಗತಿ ಹಿಡಿದ ದಿನ ನಾನು ಬೈದೆನೆಂದು ನನ್ನ ಎದುರಿಗೆ ಆ ಸೆಟ್ಟು ಹಾಕಿಕೊಂಡು ಒಂದು ರೊಟ್ಟಿ ಕಚ್ಚಿದಳು, ತುಣುಕಿನ ಮೇಲೆ ರಕ್ತ ಬಂತು. ಎಡಗಡೆ ಕೆಳಗಿನ ವಸಡಿನಲ್ಲಿ ತೊಗರಿಕಾಳಿನಷ್ಟು ಹುಣ್ಣಿದೆ. ಗಂಜಿ ಕುಡಿದರೆ ‘ಮೊಮ್ಮಗಳು ಹಲ್ಲು ಕೊಟ್ಟರೂ ಗಂಜಿಯೇ?’ ಎಂದು ಮಂದಿ ಕೇಳುತ್ತಾರಂತೆ, ಅದಕ್ಕೇ ಕದ ಹಾಕಿಕೊಳ್ಳುವುದು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಎರಡೂ ಇದ್ದು ಉಪವಾಸ. ಇಲ್ಲಿಯ ಹಲ್ಲಿನ ಡಾಕ್ಟರಿಗೆ ತೋರಿಸೋಣ ಎಂದರೆ ‘ಬ್ಯಾರೇವ್ರು ನೋಡಿದ್ರ ನಮ್ಮ ಕೂಸಿನ ಕೆಲಸಕ್ಕ ಹೆಸರ ಇಡ್ತಾರ’ ಎಂದು ಟ್ರಂಕಿಗೆ ಬೀಗ ಹಾಕಿದಳು. ಅತ್ತು ಹೇಳಿದಳು, ‘ಮದಲನೇ ಕೆಲಸರೀ ಅದು. ಚುಚ್ಚತಾವ ಅಂತ ಗೊತ್ತಾದ್ರ ಮುಂದ ಯಾರ ಬಾಯಾಗ ಕೈ ಹಾಕಾಕೂ ಅಂಜತಾಳ.’ ಫೋನಿನಲ್ಲಿ ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಪತ್ರದ ಮಾತು ಅವಳಿಗೆ ಹೊಳೆಯಲಿಲ್ಲ, ಟಪಾಲಿನವನ ಹೆಂಡತಿಯಾಗಿಯೂ.

ನೀನು ಅಳಬೇಡ. ನೀನು ಕೆಟ್ಟ ಡಾಕ್ಟರಲ್ಲ, ಅವಳು ಸುಳ್ಳು ಹೇಳಿದ ಪೇಶಂಟು, ನಾನು ಕಣ್ಣಿದ್ದೂ ನೋಡದ ಗಂಡ. ಉಜ್ಜಿ ತಿದ್ದುವ ಸಾಮಾನು ತೆಗೆದುಕೊಂಡು ಬಾ, ತಿದ್ದಲು ಬಾರದಿದ್ದರೆ ಹೊಸದಕ್ಕೆ ಅಳತೆ ತೆಗೆ. ಮುತ್ಯಾ ಹೇಳಿದ ಎನ್ನಬೇಡ, ಎರಡು ವರ್ಷಕ್ಕೊಮ್ಮೆ ಸೆಟ್ಟು ನೋಡಲೇಬೇಕೆಂದು ಕಾಲೇಜಿನಲ್ಲಿ ಕಾಯ್ದೆ ಇದೆ ಎಂದು ಸುಳ್ಳು ಹೇಳು, ಅದನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ನಾಳೆ ಸೋಮವಾರ ಸ್ಪೀಡ್ ಪೋಸ್ಟಿಗೆ ಕೊಡುತ್ತೇನೆ, ಬುಧವಾರ ನಿನ್ನ ಕೈ ಸೇರಬೇಕು. ಅವಳು ತಮ್ಮ ಸತ್ತದ್ದನ್ನು ಮರೆತಳು, ಮನೆ ಯಾವ ಊರಿನಲ್ಲಿದೆ ಎಂಬುದನ್ನು ಮರೆತಳು, ಡಿಸೆಂಬರಿನಲ್ಲಿ ಒಂದು ಮುಂಜಾನೆ ನನ್ನ ಮುಖ ನೋಡಿ ‘ಯಾರ ಬೇಕಾಗಿತ್ರಿ?’ ಎಂದು ಕೇಳಿದಳು. ಶುಕ್ರವಾರ ನಿನ್ನ ಫೋನು ಬರುವ ಮೊದಲು ಆ ಹಲ್ಲು ಹಾಕಿಕೊಳ್ಳುವುದನ್ನು ಮಾತ್ರ ಒಂದು ವಾರವೂ ಮರೆತಿಲ್ಲ. ಈ ಶುಕ್ರವಾರ ಫೋನು ಮಾಡಬೇಡ, ಬಾ.